ಅಜ್ಜಿ ತಿಂದ ಪನ್ನಾ ಕೋಟಾ

ಪನ್ನಾ ಕೋಟಾ! ಹೆಸರು ಕೇಳಿದ ಕೂಡಲೇ ಇದೇನೋ ಪಂಚತಾರಾ ಹೋಟೆಲಿನ ತಿನಿಸು, ನಮ್ಮಂಥವರ ಅಡುಗೆಮನೆಗೆ ಹೇಳಿದ್ದಲ್ಲ ಎಂದು ಕೆಲವರು ಪುಟ ತಿರುಗಿಸಿಬಿಡಬಹುದು. ಸ್ವಲ್ಪ ತಾಳಿ. ಇಟಾಲಿಯನ್ ಭಾಷೆಯಲ್ಲಿ ‘ಪನ್ನಾ’ ಎಂದರೆ ಕೆನೆ, ‘ಕೋಟಾ’ ಎಂದರೆ ಬೇಯಿಸಿದ್ದು. ಅಂದರೆ ನಮ್ಮ ಭಾಷೆಯಲ್ಲಿ ಹೇಳುವುದಾದರೆ ‘ಕಾಯಿಸಿದ ಕೆನೆ’, ಅಷ್ಟೇ. ಈ ಅರ್ಥವನ್ನು ನನ್ನ ಅಮ್ಮನಿಗೆ ಹೇಳಿದಾಗ ಅವರು, “ಕೆನೆ ಕಾಯಿಸೋದನ್ನ ಇಟಲಿಯವರ ಹತ್ರ ಕಲೀಬೇಕಾ ಮಾರಾಯ್ತಿ?” ಎಂದು ನಕ್ಕುಬಿಟ್ಟರು.

ಆದರೆ ಈ ಕಾಯಿಸಿದ ಕೆನೆ ನಮ್ಮ ಮನೆಯಲ್ಲಿ ಒಂದು ದೊಡ್ಡ ಪ್ರಶ್ನೆಯನ್ನೇ ಎಬ್ಬಿಸಿತ್ತು. ಆ ಪ್ರಶ್ನೆಗೆ ನಾವು ಹುಡುಕಿದ ಉತ್ತರವನ್ನು ಮಕ್ಕಳೊಂದಿಗೂ ಪೋಷಕರೊಂದಿಗೂ ಹಂಚಿಕೊಳ್ಳೋಣವೆಂದು ಈ ಲೇಖನ ಬರೆಯುತ್ತಿದ್ದೇನೆ. ಕೊನೆಯಲ್ಲಿ ಮಾಡುವ ವಿಧಾನವೂ ಇದೆ.

ಮೊದಲು ತಿನಿಸಿನ ಪರಿಚಯ. ಪನ್ನಾ ಕೋಟಾದ ತವರು ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂಟೆ ಪ್ರಾಂತ್ಯ. ಅದರ ರಾಜಧಾನಿ ಟುರಿನ್. ಆಲ್ಪ್ಸ್ ಪರ್ವತದ ಬುಡದ ಹುಲ್ಲುಗಾವಲುಗಳ ನಾಡಾದ್ದರಿಂದ ಅಲ್ಲಿ ಹಾಲು, ಕೆನೆಗೆ ಬರವಿಲ್ಲ. ಪುರಾತನ ಕಾಲದ ತಿನಿಸಿನಂತೆ ಕಂಡರೂ 1960ರ ದಶಕಕ್ಕಿಂತ ಹಿಂದಿನ ಇಟಲಿಯ ಅಡುಗೆ ಪುಸ್ತಕಗಳಲ್ಲಿ ಈ ಹೆಸರು ಸಿಗುವುದಿಲ್ಲವಂತೆ. ಪಿಯೆಮೊಂಟೆ ಪ್ರಾಂತ್ಯ 2001ರಲ್ಲಿ ಇದನ್ನು ತನ್ನ ಸಾಂಪ್ರದಾಯಿಕ ಆಹಾರಗಳ ಪಟ್ಟಿಗೆ ಸೇರಿಸಿಕೊಂಡಿತು. ಕೆನೆ, ಹಾಲು, ಸಕ್ಕರೆ ಸೇರಿಸಿ ಬಿಸಿಮಾಡಿ, ಜೆಲಟಿನ್ ಹಾಕಿ, ಬಟ್ಟಲಿಗೆ ಸುರಿದು ತಣ್ಣಗೆ ಇಟ್ಟರೆ ಆಯಿತು. ಮೇಲೆ ಸ್ಟ್ರಾಬೆರಿಯದೋ ರಾಸ್ಪ್‌ಬೆರಿಯದೋ ಹುಳಿಸಿಹಿ ಕೆಂಪು ರಸ. ಬಿಳಿಯ ಮೇಲೆ ಕೆಂಪು, ಸಿಹಿಯ ಮೇಲೆ ಹುಳಿ. ಬಾಯಲ್ಲಿಟ್ಟರೆ ಕರಗಿಹೋಗಬೇಕು.

ಎಲ್ಲವೂ ಸರಿ. ತೊಡಕಿರುವುದು ಆ ಒಂದು ಪದದಲ್ಲಿ: ಜೆಲಟಿನ್.

ಎರಡು ಮುಟ್ಟದ ಬಟ್ಟಲುಗಳು

ನನ್ನ ಮಗಳು ಏಳನೇ ತರಗತಿ. ಅವಳ ಆಪ್ತ ಗೆಳತಿ ನಮ್ಮ ಕೌಲಾಲಂಪುರದ ವಸತಿ ಸಮುಚ್ಚಯದಲ್ಲೇ, ನಮಗಿಂತ ಎರಡು ಮಹಡಿ ಕೆಳಗಿರುವ ಮಲಯ ಕುಟುಂಬದ ಹುಡುಗಿ. ಇಬ್ಬರೂ ಒಮ್ಮೆ ಒಂದು ಹುಟ್ಟುಹಬ್ಬಕ್ಕೆ ಹೋಗಿದ್ದರು. ಊಟದ ಕೊನೆಯಲ್ಲಿ ಎಲ್ಲ ಮಕ್ಕಳಿಗೂ ಚಂದದ ಗಾಜಿನ ಬಟ್ಟಲಲ್ಲಿ ಪನ್ನಾ ಕೋಟಾ ಬಂತು. ಇಬ್ಬರಲ್ಲೊಬ್ಬಳು “ಇದರಲ್ಲಿ ಜೆಲಟಿನ್ ಇದೆಯಾ?” ಎಂದು ಕೇಳಿದಳು. ಇದೆ ಎಂಬ ಉತ್ತರ ಬಂತು. ಯಾವ ಜೆಲಟಿನ್ ಎಂದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಇಬ್ಬರೂ ಚಮಚ ಕೆಳಗಿಟ್ಟರು. “ಹಸಿವಿಲ್ಲ, ಆಂಟಿ” ಎಂದರು.

ಯಾರ ತಪ್ಪೂ ಇಲ್ಲ. ಪ್ರೀತಿಯಿಂದ ಮಾಡಿಸಿದ ತಿನಿಸು ಅದು. ಆದರೆ ‘ಹಸಿವಿಲ್ಲ’ ಎಂಬ ಈ ಮಾತನ್ನು ಪರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳು ಎಷ್ಟು ಸಲ ಹೇಳುತ್ತಾರೆಂಬುದು ಪೋಷಕರಿಗೆ ಗೊತ್ತಿದೆ. ಹಸಿವು ಇರುತ್ತದೆ, ಆಸೆಯೂ ಇರುತ್ತದೆ. ಮನೆಯ ನಿಯಮವನ್ನು ಹತ್ತು ಜನರ ಮುಂದೆ ವಿವರಿಸುವುದಕ್ಕಿಂತ ಹಸಿವಿಲ್ಲ ಎನ್ನುವುದು ಸುಲಭ. ಮಗಳು ಮನೆಗೆ ಬಂದು ನನ್ನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಅಮ್ಮಾ, ನಾನೂ ಅವಳೂ ಇಬ್ಬರೂ ತಿನ್ನಬಹುದಾದ ಪನ್ನಾ ಕೋಟಾ ಮಾಡಕ್ಕೆ ಆಗಲ್ವಾ?”

ಜೆಲಟಿನ್ ಎಂದರೇನು? ಪ್ರಾಣಿಗಳ ಚರ್ಮ ಮತ್ತು ಮೂಳೆಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನನ್ನು ಬೇಯಿಸಿ ತೆಗೆಯುವ ವಸ್ತು. ಹಂದಿ, ದನ, ಮೀನು — ಯಾವುದರಿಂದಲೂ ತೆಗೆಯಬಹುದು. ಹಂದಿಯದಾದರೆ ಮುಸ್ಲಿಮರಿಗೆ ಸಲ್ಲದು. ದನದ್ದಾದರೆ ಅನೇಕ ಹಿಂದೂಗಳಿಗೆ ಬೇಡ. ಯಾವುದಾದರೂ ಸರಿ, ಸಸ್ಯಾಹಾರಿಗೆ ಬೇಡವೇ ಬೇಡ. ಮಲೇಷ್ಯಾದಲ್ಲಿ ಜಾಕಿಮ್ ಎಂಬ ಸರಕಾರಿ ಇಲಾಖೆ ಹಲಾಲ್ ಮುದ್ರೆ ಕೊಡುತ್ತದೆ. ಆ ಮುದ್ರೆಯಿದ್ದರೆ ಮಗಳ ಗೆಳತಿಯ ಪ್ರಶ್ನೆಗೆ ಉತ್ತರ ಸಿಕ್ಕಿತು, ಆದರೆ ಮಗಳದಕ್ಕೆ ಸಿಗಲಿಲ್ಲ. ಹಲಾಲ್ ಎಂದ ಮಾತ್ರಕ್ಕೆ ಸಸ್ಯಾಹಾರವಲ್ಲ. ಭಾರತದ ಪೊಟ್ಟಣಗಳ ಮೇಲಿರುವ ಹಸಿರು ಚುಕ್ಕೆ ಇಲ್ಲಿನ ಪೊಟ್ಟಣಗಳ ಮೇಲೆ ಇರಲೇಬೇಕೆಂಬ ನಿಯಮವಿಲ್ಲ. ಆದ್ದರಿಂದ ಮಕ್ಕಳೇ, ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದುವುದನ್ನು ಕಲಿಯಿರಿ. ಇ 441 ಎಂದಿದ್ದರೆ ಜೆಲಟಿನ್. ಇ 406 ಎಂದಿದ್ದರೆ ಅಗರ್. ಇ 407 ಎಂದಿದ್ದರೆ ಕ್ಯಾರಗೀನನ್. ಕೊನೆಯ ಎರಡೂ ಕಡಲಪಾಚಿಯಿಂದ ಬಂದವು.

ಉತ್ತರ ಅಲ್ಲೇ ಇತ್ತು, ನಮ್ಮ ಬೀದಿಯ ಕೊನೆಯ ದಿನಸಿ ಅಂಗಡಿಯಲ್ಲಿ.

ಅಗರ್ ಅಗರ್

‘ಅಗರ್ ಅಗರ್’ ಎಂಬುದು ಮಲಯ ಭಾಷೆಯ ಪದ. ಜಗತ್ತಿನ ಪ್ರಯೋಗಾಲಯಗಳೆಲ್ಲ ಬಳಸುವ ಈ ಪದ ನಾವಿರುವ ಈ ಪ್ರದೇಶದ ಭಾಷೆಯಿಂದ ಹೋದದ್ದು ಎಂಬುದು ಎಷ್ಟು ಮಕ್ಕಳಿಗೆ ಗೊತ್ತು? ಮಲಯ ಭಾಷೆಯಲ್ಲಿ ಪದವನ್ನು ಎರಡು ಸಲ ಹೇಳುವುದು ಸಾಮಾನ್ಯ. ‘ಬುಕು’ ಎಂದರೆ ಪುಸ್ತಕ, ‘ಬುಕು ಬುಕು’ ಎಂದರೆ ಪುಸ್ತಕಗಳು. ನಮ್ಮ ಕನ್ನಡದ ‘ಬೇಗ ಬೇಗ’, ‘ದೊಡ್ಡ ದೊಡ್ಡ’ ನೆನಪಾಗುವುದಿಲ್ಲವೇ? ವ್ಯಾಕರಣದ ಮೇಷ್ಟ್ರು ದ್ವಿರುಕ್ತಿ ಎನ್ನುವುದು ಇದನ್ನೇ.

ಭಾರತದಲ್ಲಿ ಇದೇ ವಸ್ತುವಿಗೆ ‘ಚೈನಾ ಗ್ರಾಸ್’ ಎಂಬ ಹೆಸರು. ನಮ್ಮ ಚಿಕ್ಕಂದಿನಲ್ಲಿ ಶಿವಮೊಗ್ಗದ ಅಂಗಡಿಗಳಲ್ಲಿ ಒಣಗಿದ ಬಿಳಿ ದಾರದ ಉಂಡೆಯಂತೆ ಸಿಗುತ್ತಿತ್ತು. ಹೆಸರಲ್ಲಿ ಹುಲ್ಲು ಇದ್ದರೂ ಅದು ಹುಲ್ಲಲ್ಲ, ಕೆಂಪು ಕಡಲಪಾಚಿಯಿಂದ ತೆಗೆದ ಅಂಟು. ತಮಿಳುನಾಡಿನ ಮನ್ನಾರ್ ಕೊಲ್ಲಿಯ ತೀರದಲ್ಲಿ ಹೆಂಗಸರು ನೀರಿಗಿಳಿದು ಇಂಥ ಪಾಚಿಯನ್ನು ಕಿತ್ತು ತರುತ್ತಾರೆ. ಮಲೇಷ್ಯಾದ ಸಬಾ ರಾಜ್ಯದ ಸೆಂಪೊರ್ನಾ ಕಡಲಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುವ ಪಾಚಿ ಬೇರೆ ಜಾತಿಯದು. ಅದರಿಂದ ಬರುವುದು ಕ್ಯಾರಗೀನನ್.

ಅಗರ್ ಅಡುಗೆಮನೆಯಿಂದ ಪ್ರಯೋಗಾಲಯಕ್ಕೆ ಹೋದ ಕಥೆ ವಿಜ್ಞಾನದ ಮಕ್ಕಳಿಗೆ ಇಷ್ಟವಾಗಬಹುದು. 1881ರ ಜರ್ಮನಿ. ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ವಾಲ್ಟರ್ ಹೆಸ್ಸೆ ಎಂಬ ವೈದ್ಯರು ಕೆಲಸ ಮಾಡುತ್ತಿದ್ದರು. ಆಗ ಬ್ಯಾಕ್ಟೀರಿಯಾಗಳನ್ನು ಬೆಳೆಸಲು ಜೆಲಟಿನ್ ಬಳಸುತ್ತಿದ್ದರು. ಅದಕ್ಕೆ ಎರಡು ಕಷ್ಟ. ಸೆಕೆಯಾದರೆ ಕರಗಿ ನೀರಾಗುತ್ತಿತ್ತು. ಕೆಲವು ಬ್ಯಾಕ್ಟೀರಿಯಾಗಳಂತೂ ಜೆಲಟಿನ್ನನ್ನೇ ತಿಂದು ಕರಗಿಸಿಬಿಡುತ್ತಿದ್ದವು. ವಾಲ್ಟರ್ ಅವರ ಹೆಂಡತಿ ಫ್ಯಾನಿ ಹೆಸ್ಸೆ ಅಗರ್ ಬಳಸಿ ನೋಡಿ ಎಂದರು. ಸೆಕೆಗಾಲದಲ್ಲೂ ಕರಗದ ಅವರ ಮನೆಯ ಹಣ್ಣಿನ ಜೆಲ್ಲಿಯ ಗುಟ್ಟು ಅದೇ ಆಗಿತ್ತು. ಅವರಿಗೆ ಇದನ್ನು ಹೇಳಿಕೊಟ್ಟವರು ನ್ಯೂಯಾರ್ಕಿನಲ್ಲಿ ಬಾಲ್ಯ ಕಳೆಯುವಾಗ ಪರಿಚಯವಿದ್ದ, ಜಾವಾ ದ್ವೀಪದಲ್ಲಿ ಬಾಳಿ ಬಂದಿದ್ದ ನೆರೆಮನೆಯವರು. 1882ರಲ್ಲಿ ಕಾಕ್ ಕ್ಷಯರೋಗದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ಪ್ರಬಂಧದಲ್ಲಿ ಅಗರ್‌ನ ಹೆಸರಿದೆ, ಫ್ಯಾನಿಯವರ ಹೆಸರಿಲ್ಲ! ಇಂದಿಗೂ ಆಸ್ಪತ್ರೆಯ ಪ್ರಯೋಗಾಲಯಗಳಲ್ಲಿ ರೋಗಾಣು ಬೆಳೆಸುವುದು ಅಗರ್ ತಟ್ಟೆಯ ಮೇಲೆಯೇ.

ಅದೇ ಗುಣ ಕೌಲಾಲಂಪುರದ ಅಡುಗೆಮನೆಗೂ ಅನುಕೂಲ. ಜೆಲಟಿನ್ ಸುಮಾರು 30ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಇಲ್ಲಿ ಮಧ್ಯಾಹ್ನದ ಸೆಕೆ ದಿನವೂ 32, 33 ಡಿಗ್ರಿ. ಜೆಲಟಿನ್ ಹಾಕಿದ ತಿನಿಸು ಫ್ರಿಜ್‌ನಿಂದ ಹೊರಬಂದ ಸ್ವಲ್ಪ ಹೊತ್ತಿಗೆ ಸೋಲತೊಡಗುತ್ತದೆ. ಅಗರ್ ಹಾಗಲ್ಲ. ತಣಿಯುವಾಗ ಸುಮಾರು 35ರಿಂದ 40 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದ ಮೇಲೆ ಕರಗಲು ಸುಮಾರು 85 ಡಿಗ್ರಿ ಬೇಕು. ಮೇಜಿನ ಮೇಲೆ ಎರಡು ಗಂಟೆ ಇಟ್ಟರೂ ಅಲ್ಲಾಡುವುದಿಲ್ಲ. ಇನ್ನೊಂದು ಲಾಭ: ಹಸಿ ಅನಾನಸ್, ಪರಂಗಿ, ಕಿವಿ ಹಣ್ಣುಗಳಲ್ಲಿರುವ ಕಿಣ್ವಗಳು ಜೆಲಟಿನ್ ಎಂಬ ಪ್ರೋಟೀನನ್ನು ಕತ್ತರಿಸಿ ನೀರಾಗಿಸುತ್ತವೆ, ಅಗರ್ ಪ್ರೋಟೀನ್ ಅಲ್ಲವಾದ್ದರಿಂದ ಅವುಗಳ ಆಟ ಅದರ ಮುಂದೆ ನಡೆಯುವುದಿಲ್ಲ.

ಹಾಗೆಂದು ಎರಡೂ ಒಂದೇ ಅಲ್ಲ. ಜೆಲಟಿನ್ ಬಾಯಿಯ ಬಿಸಿಗೇ ಕರಗುತ್ತದೆ. ಅಗರ್ ಕರಗುವುದಿಲ್ಲ, ನಾಲಿಗೆಯಡಿ ಮೃದುವಾಗಿ ಮುರಿಯುತ್ತದೆ. ಅದಕ್ಕೇ ಅಳತೆ ಕಡಿಮೆಯಿರಬೇಕು. ಜಾಸ್ತಿ ಬಿದ್ದರೆ ಪನ್ನಾ ಕೋಟಾ ಹೋಗಿ ರಬ್ಬರ್ ಆಗುತ್ತದೆ.

ಅಮ್ಮ ಬಂದರು

2023ರ ಡಿಸೆಂಬರ್‌ನಿಂದ ಭಾರತೀಯರು ವೀಸಾ ಇಲ್ಲದೆ 30 ದಿನ ಮಲೇಷ್ಯಾಕ್ಕೆ ಬಂದಿರಬಹುದೆಂದಾದ ಮೇಲೆ ನಮ್ಮಲ್ಲಿ ಅನೇಕರ ಮನೆಗೆ ಅಜ್ಜ ಅಜ್ಜಿಯರು ಬರುವುದು ಸುಲಭವಾಗಿದೆ. ಕಳೆದ ದೀಪಾವಳಿಗೆ ನನ್ನ ಅಮ್ಮನೂ ಸಾಗರ ತಾಲ್ಲೂಕಿನ ಹಳ್ಳಿಯಿಂದ 28 ದಿನಕ್ಕೆಂದು ಬಂದರು. ವಯಸ್ಸು 74. ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಹೊರಗಿನ ತಿಂಡಿ ಮುಟ್ಟುವುದಿಲ್ಲ. ಪೆಟ್ಟಿಗೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ತಂದಿದ್ದರು. ಜೊತೆಗೆ ಒಂದು ಸಣ್ಣ ಗಾಜಿನ ಸೀಸೆಯಲ್ಲಿ ಕಪ್ಪಗೆ ಸುರುಟಿದ ಆರು ವೆನಿಲ್ಲಾ ಕೋಡುಗಳು.

ವೆನಿಲ್ಲಾ ಎಂದರೆ ಮಲೆನಾಡಿನವರಿಗೆ ಒಂದು ನಿಟ್ಟುಸಿರು. 2000ದ ದಶಕದ ಆರಂಭದಲ್ಲಿ ಅದರ ಬೆಲೆ ಗಗನಕ್ಕೇರಿ, ಎಷ್ಟೋ ತೋಟಗಳಲ್ಲಿ ಬಳ್ಳಿ ನೆಟ್ಟು, ಕೆಲವೇ ವರ್ಷಗಳಲ್ಲಿ ಬೆಲೆ ನೆಲಕ್ಕೆ ಬಿತ್ತು. ನನ್ನ ಮಾವನ ತೋಟದಲ್ಲಿ ಅಂದು ನೆಟ್ಟ ಬಳ್ಳಿಗಳಲ್ಲಿ ಒಂದೆರಡು ಇನ್ನೂ ಉಳಿದಿವೆ. ವೆನಿಲ್ಲಾ ಮೂಲತಃ ಮೆಕ್ಸಿಕೋದ್ದು. ಬೇರೆ ದೇಶಗಳಲ್ಲಿ ಹೂವು ಬಿಟ್ಟರೂ ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಎಂಬ ಗುಲಾಮ ಹುಡುಗ ಸಣ್ಣ ಕಡ್ಡಿ ಮತ್ತು ಹೆಬ್ಬೆರಳಿನಿಂದ ಹೂವಿಗೆ ಪರಾಗಸ್ಪರ್ಶ ಮಾಡುವ ಉಪಾಯ ಕಂಡುಹಿಡಿದ. ಅವನಿಗೆ ಆಗ 12 ವರ್ಷ, ಅಂದರೆ ನನ್ನ ಮಗಳ ವಯಸ್ಸು! ಮಲೆನಾಡಿನ ತೋಟಗಳಲ್ಲಿ ನಮ್ಮ ಹೆಂಗಸರು ಬೆಳಗ್ಗೆ ಬೆಳಗ್ಗೆ ಹೂವು ಮುಟ್ಟಿಸುತ್ತಿದ್ದದ್ದು ಆ ಹುಡುಗ ತೋರಿಸಿದ ದಾರಿಯಲ್ಲೇ.

ಅಮ್ಮ ತಂದ ಕೋಡುಗಳು ನಮಗೆ ಇನ್ನೊಂದು ಕಾರಣಕ್ಕೂ ಒದಗಿಬಂದವು. ಸೀಸೆಯಲ್ಲಿ ಸಿಗುವ ವೆನಿಲ್ಲಾ ಸಾರವನ್ನು ಸಾಮಾನ್ಯವಾಗಿ ಆಲ್ಕೋಹಾಲಿನಲ್ಲಿ ಇಳಿಸಿರುತ್ತಾರೆ. ಮುಸ್ಲಿಂ ಅತಿಥಿಗಳಿಗೆ ಅದೂ ಒಂದು ಸಂಕೋಚ. ಕೋಡನ್ನೇ ಸೀಳಿ ಹಾಲಿಗೆ ಹಾಕಿದರೆ ಆ ಪ್ರಶ್ನೆಯೇ ಇಲ್ಲ.

ಅಜ್ಜಿಗೂ ಮೊಮ್ಮಗಳಿಗೂ ನಡುವೆ ಮೊದಲ ವಾರ ಬರೀ ನಗು, ತಲೆ ಸವರುವುದು, ಅಷ್ಟೇ. ಮಗಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಹೊರಡುತ್ತದೆ. ಅಜ್ಜಿ ಒಂದು ಕೇಳಿದರೆ ಇವಳು ‘ಹೂಂ’, ‘ಇಲ್ಲ’. ಅಮ್ಮ ರಾತ್ರಿ ನನ್ನ ಬಳಿ, “ಮಗು ನನ್ನ ಹತ್ರ ಎಂತ ಮಾತಾಡ್ತದೆ? ಅದಕ್ಕೆ ನನ್ನ ಮಾತು ಬ್ಯಾಡ ಅನಿಸ್ತದೆಯಾ?” ಎಂದು ಕೇಳಿದರು. ಹಾಗಲ್ಲ ಎಂದೆ. ಆದರೆ 28ರಲ್ಲಿ ಏಳು ದಿನ ಕಳೆದುಹೋಗಿದ್ದವು. ಆ ಪ್ರಶ್ನೆ ನನ್ನೊಳಗೂ ಇಳಿದಿತ್ತು.

ಆ ವಾರಾಂತ್ಯ ಕ್ಯಾಮರಾನ್ ಹೈಲ್ಯಾಂಡ್ಸ್‌ಗೆ ಹೋದೆವು. ಪಹಾಂಗ್ ರಾಜ್ಯದ ಈ ಬೆಟ್ಟದ ಸೀಮೆಗೆ 1885ರಲ್ಲಿ ಇಲ್ಲಿ ಸರ್ವೆ ಮಾಡಿದ ವಿಲಿಯಂ ಕ್ಯಾಮರಾನ್‌ನ ಹೆಸರು. 1929ರಲ್ಲಿ ಆರಂಭವಾದ ಬೋ ಚಹಾ ತೋಟ ಇಲ್ಲಿಯದೇ. ಆ ಇಳಿಜಾರುಗಳಲ್ಲಿ ದುಡಿದವರಲ್ಲಿ ಬಹಳಷ್ಟು ಜನ ತಮಿಳುನಾಡಿನಿಂದ ಬಂದವರು. ತಾಪಾದಿಂದ ಮೇಲೆ ಹತ್ತುವ ತಿರುವು ತಿರುವಿನ ರಸ್ತೆಯಲ್ಲಿ ಅಮ್ಮ ಕಿಟಕಿ ಬಿಟ್ಟು ಕದಲಲಿಲ್ಲ. “ಇದು ನಮ್ಮ ಆಗುಂಬೆ ಘಾಟಿಯೇ ಅಲ್ಲವಾ?” ಎಂದರು. ಬ್ರಿಂಚಾಂಗ್ ಬಳಿ ಸ್ಟ್ರಾಬೆರಿ ತೋಟವೊಂದರಲ್ಲಿ ಅಜ್ಜಿ ಮೊಮ್ಮಗಳು ಕತ್ತರಿ, ಬುಟ್ಟಿ ಹಿಡಿದು ಹಣ್ಣು ಕೊಯ್ದರು. ಅಲ್ಲಿನ ಹಣ್ಣು ಸಣ್ಣದು, ಹುಳಿ ಮುಂದು. ಹಾಗೇ ತಿನ್ನಲು ಮುಖ ಕಿವುಚಬೇಕು; ರಸಕ್ಕೆ ಅದೇ ಬೇಕು. “ನಮ್ಮ ಕವಳಿ ಹಣ್ಣಿನ ಹಾಗೆ” ಎಂದರು ಅಮ್ಮ. “ಕವಳಿ ಅಂದ್ರೇನು ಅಜ್ಜಿ?” ಎಂದಳು ಮಗಳು. ಅದು ಅವಳು ಅಜ್ಜಿಗೆ ಕೇಳಿದ ಮೊದಲ ಇಡೀ ವಾಕ್ಯ. ಕವಳಿಯ ಕಥೆ ಬೆಟ್ಟ ಇಳಿಯುವ ತನಕ ನಡೆಯಿತು.

ಗಿಣ್ಣು ಮತ್ತು ಪನ್ನಾ ಕೋಟಾ

ಮಲೇಷ್ಯಾದಲ್ಲಿ ಹಬ್ಬದಂದು ಮನೆಯ ಬಾಗಿಲು ತೆರೆದಿಟ್ಟು ನೆರೆಹೊರೆಯವರನ್ನೆಲ್ಲ ಊಟಕ್ಕೆ ಕರೆಯುವ ಪದ್ಧತಿಗೆ ‘ರುಮಾ ತೆರ್ಬುಕಾ’ ಎನ್ನುತ್ತಾರೆ. ತೆರೆದ ಮನೆ ಎಂದು ಅರ್ಥ. ಹರಿರಾಯಾಕ್ಕೆ ಅವರ ಮನೆ, ಚೀನೀ ಹೊಸವರ್ಷಕ್ಕೆ ಇವರ ಮನೆ, ದೀಪಾವಳಿಗೆ ನಮ್ಮ ಮನೆ. ಈ ದೇಶದ ಒಳ್ಳೆಯ ಪದ್ಧತಿಗಳಲ್ಲಿ ಇದೊಂದು. ದೀಪಾವಳಿಯ ಸಂಜೆಗೆ ಹೋಳಿಗೆ, ಕೋಡುಬಳೆ, ಚಿತ್ರಾನ್ನದ ಜೊತೆ 24 ಬಟ್ಟಲು ಪನ್ನಾ ಕೋಟಾ ಎಂದು ಮಗಳು ತೀರ್ಮಾನಿಸಿದಳು. ಹಿಂದಿನ ದಿನ ಮೂರು ತಲೆಮಾರು ಒಲೆಯ ಮುಂದೆ ನಿಂತೆವು.

ಅಮ್ಮನಿಗೆ ನಾನು ಪದಾರ್ಥಗಳನ್ನು ಒಂದೊಂದಾಗಿ ತೋರಿಸಿದೆ. ಹಾಲು, ಕೆನೆ, ಸಕ್ಕರೆ, ಚೈನಾ ಗ್ರಾಸ್, ಅವರದೇ ವೆನಿಲ್ಲಾ. “ಮೂಳೆ ಗೀಳೆ ಇಲ್ಲ ತಾನೆ?” ಎಂದು ಎರಡು ಸಲ ಕೇಳಿದರು. ಮೂರನೆಯ ಸಲ ಉತ್ತರಿಸಿದವಳು ಮಗಳು: “ಇಲ್ಲ ಅಜ್ಜಿ, ಸಮುದ್ರದ ಪಾಚಿ.”

ಹಾಲು ಬಿಸಿಯಾಗತೊಡಗಿದ ಮೇಲೆ ನಡೆದದ್ದು ನಾನು ಎಣಿಸದೆ ಇದ್ದದ್ದು. ಅಮ್ಮ ಪಾಠ ಶುರುಮಾಡಿದರು. “ಕೈಯಾಡಿಸು, ಬಿಡಬೇಡ. ತಳ ಹಿಡೀತದೆ. ಈಗ ಉಕ್ಕಲಿಕ್ಕೆ ಬಂತು ನೋಡು, ಉರಿ ಸಣ್ಣ ಮಾಡು. ಈಗ ಸೋಸು. ಮೇಲೆ ಕೆನೆಗಟ್ಟಬಾರದು, ಆಗಾಗ ಕದಡು.” ಕೈಯಾಡಿಸು, ತಳ ಹಿಡಿ, ಉಕ್ಕು, ಸೋಸು, ಕೆನೆಗಟ್ಟು, ಕದಡು. ಎಷ್ಟೊಂದು ಕ್ರಿಯಾಪದಗಳು! ನಾನು ಮನೆಯಲ್ಲಿ ಇವಕ್ಕೆಲ್ಲ ‘ಮಿಕ್ಸ್ ಮಾಡು’, ‘ಫಿಲ್ಟರ್ ಮಾಡು’ ಎನ್ನುತ್ತಾ ಬಂದವಳು. ಮಗಳು ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಿ, “ಅಜ್ಜಿ, ಇದು ಹೆಪ್ಪು ಆಯ್ತಾ?” ಎಂದಳು. “ಹೆಪ್ಪು ಆಗೋದಲ್ಲ ಮಗಾ, ಹೆಪ್ಪುಗಟ್ಟೋದು” ಎಂದರು ಅಜ್ಜಿ. “ಹೆಪ್ಪುಗಟ್ಟಿತಾ?” “ಹಾಂ, ಈಗ ಸರಿ. ಇನ್ನೂ ಇಲ್ಲ, ತಾಳು.”

ಬಟ್ಟಲುಗಳು ತಣಿಯುವ ತನಕ ಅಮ್ಮ ಗಿಣ್ಣಿನ ಕಥೆ ಹೇಳಿದರು. ಹಸು ಕರು ಹಾಕಿದ ಮೊದಲ ದಿನಗಳ ಹಳದಿ ಹಾಲು. ಕರು ಕುಡಿದು ಉಳಿದದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ತಾನಾಗಿ ಗಟ್ಟಿಯಾಗುತ್ತದೆ. ಮೊದಲ ದಿನದ್ದು ತೀರ ಗಟ್ಟಿ ಎಂದು ಮಾಮೂಲಿ ಹಾಲು ಬೆರೆಸುತ್ತಾರೆ. ಅದರ ಒಂದು ಪಾಲು ನೆರೆಮನೆಗೆ ಹೋಗಲೇಬೇಕು. “ಏನೂ ಹಾಕದೆ ಹೇಗೆ ಗಟ್ಟಿಯಾಗುತ್ತೆ?” ಎಂದು ಮಗಳು ನನ್ನತ್ತ ನೋಡಿದಳು. ಇಲ್ಲಿ ವಿಜ್ಞಾನ ಬೇಕಾಯಿತು. ಆ ಹಾಲಿನಲ್ಲಿ ಕರುವಿಗೆ ರೋಗನಿರೋಧಕ ಶಕ್ತಿ ಕೊಡುವ ಪ್ರೋಟೀನುಗಳು ಮಾಮೂಲಿ ಹಾಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಬಿಸಿ ತಾಗಿದಾಗ ಅವು ಒಂದಕ್ಕೊಂದು ಹೆಣೆದುಕೊಂಡು ಹಾಲನ್ನು ಹಿಡಿದು ನಿಲ್ಲಿಸುತ್ತವೆ. ಹಾಲು ಮೊಸರಾಗುವುದು ಹುಳಿಯಿಂದ. ಗಿಣ್ಣಾಗುವುದು ತನ್ನದೇ ಪ್ರೋಟೀನಿನಿಂದ. ಪನ್ನಾ ಕೋಟಾ ಆಗುವುದು ಕಡಲಿನಿಂದ ಎರವಲು ತಂದ ಅಂಟಿನಿಂದ. ಹಾಲು ಒಂದೇ, ಗಟ್ಟಿಯಾಗುವ ದಾರಿ ಮೂರು.

ಮರುದಿನ ಸಂಜೆ ಮಗಳ ಗೆಳತಿ, ಅವಳ ತಾಯಿ ತಂದೆ ಬಂದರು. ಎದುರು ಮನೆಯ ಚೀನೀ ದಂಪತಿಗಳು ಬಂದರು. ತಮಿಳು ಸ್ನೇಹಿತರು ಬಂದರು. ಬಟ್ಟಲುಗಳ ಪಕ್ಕದಲ್ಲಿ ಮಗಳು ಒಂದು ಚೀಟಿ ಬರೆದಿಟ್ಟಿದ್ದಳು: ಜೆಲಟಿನ್ ಇಲ್ಲ, ಮೊಟ್ಟೆ ಇಲ್ಲ, ಆಲ್ಕೋಹಾಲ್ ಇಲ್ಲ. ಇಂಗ್ಲಿಷಿನಲ್ಲಿ, ಮಲಯದಲ್ಲಿ ಮತ್ತು ಕೆಳಗೆ ಸ್ವಲ್ಪ ಸೊಟ್ಟಗೆ ಕನ್ನಡದಲ್ಲಿ. ಕನ್ನಡ ಓದುವ ಅತಿಥಿ ಅಲ್ಲಿ ಒಬ್ಬರೇ ಇದ್ದರು: ಅಜ್ಜಿ.

ಅಮ್ಮ ಚೀಟಿ ಓದಿದರು. ಮಗಳು ಒಂದು ಬಟ್ಟಲು ಅಜ್ಜಿಗೆ, ಒಂದು ಗೆಳತಿಗೆ ಕೊಟ್ಟು, ತನ್ನದನ್ನು ಹಿಡಿದು ಇಬ್ಬರ ಮಧ್ಯೆ ಕುಳಿತಳು. ಅಮ್ಮ ಒಂದು ಚಮಚ ಬಾಯಲ್ಲಿಟ್ಟು ಕಣ್ಣು ಮುಚ್ಚಿ, “ಗಿಣ್ಣಿನ ಅಣ್ಣ ಇದು. ಬೆಲ್ಲ ಇದ್ದಿದ್ರೆ ಇನ್ನೂ ಚಲೋ” ಎಂದರು. ಗೆಳತಿಯ ತಾಯಿ ಏನು ಹೇಳಿದರೆಂದು ನನ್ನನ್ನು ಕೇಳುವಷ್ಟರಲ್ಲಿ ಮಗಳೇ ಅನುವಾದಿಸಿದಳು. ಬೆಲ್ಲವೆಂದರೆ ಗುಲಾ ಮೆಲಾಕಾ ಇದೆಯಲ್ಲ, ತೆಂಗಿನ ಹಾಲಿನಲ್ಲಿ ಅಗರ್ ಅಗರ್ ಮಾಡಿ ಅದನ್ನೇ ಸುರಿಯುತ್ತೇವೆ ನಾವು ಎಂದರು ಆಕೆ. ಆಮೇಲಿನ ಅರ್ಧ ಗಂಟೆ ಸಾಗರದ ಅಜ್ಜಿಯೂ ಮಲಯ ಅಮ್ಮನೂ ಬೆಲ್ಲ, ತೆಂಗಿನಕಾಯಿ ಬಗ್ಗೆ ಮಾತನಾಡಿದರು. ನಡುವೆ ದುಭಾಷಿ ನನ್ನ ಮಗಳು. ‘ಹೂಂ’, ‘ಇಲ್ಲ’ ಎನ್ನುತ್ತಿದ್ದ ಹುಡುಗಿ ಅಂದು ಮಾತಾಡಿ ಮಾತಾಡಿ ದಣಿದು ಮಲಗಿದಳು.

ನೀವೂ ಮಾಡಿ ನೋಡಿ

*ಬೇಕಾಗುವ ಸಾಮಗ್ರಿಗಳು (6 ಬಟ್ಟಲಿಗೆ):* ಹಾಲು 250 ಮಿ.ಲೀ.; ಸಿಹಿಯಿಲ್ಲದ ಹಾಲಿನ ಕ್ರೀಮ್ 250 ಮಿ.ಲೀ.; ಸಕ್ಕರೆ 50 ಗ್ರಾಂ; ಅಗರ್ ಪುಡಿ ಸುಮಾರು 2 ಗ್ರಾಂ (ಚಹಾ ಚಮಚದಲ್ಲಿ ಮುಕ್ಕಾಲು); ವೆನಿಲ್ಲಾ ಕೋಡು ಅರ್ಧ, ಅಥವಾ ಏಲಕ್ಕಿ ಪುಡಿ ಒಂದು ಚಿಟಿಕೆ. ರಸಕ್ಕೆ: ಸ್ಟ್ರಾಬೆರಿ 250 ಗ್ರಾಂ, ಸಕ್ಕರೆ 50 ಗ್ರಾಂ, ನಿಂಬೆರಸ ಒಂದು ಚಹಾ ಚಮಚ.

ಕ್ರೀಮ್ ಕೊಳ್ಳುವಾಗ ಎಚ್ಚರ. ಇಲ್ಲಿ ಕೇಕಿಗೆಂದು ಮಾರುವ ಕೆಲವು ಕ್ರೀಮ್‌ಗಳು ಹಾಲಿನದ್ದಲ್ಲ, ತಾಳೆಎಣ್ಣೆಯವು, ಸಕ್ಕರೆಯೂ ಸೇರಿರುತ್ತದೆ. ಹಾಲಿನ ಕೊಬ್ಬು ಸುಮಾರು ಶೇಕಡಾ 35 ಎಂದಿರುವುದನ್ನು ಆರಿಸಿ.

*ಮಾಡುವ ವಿಧಾನ:*

1. ತಣ್ಣನೆ ಹಾಲಿಗೆ ಅಗರ್ ಪುಡಿ ಹಾಕಿ ಗಂಟಿಲ್ಲದಂತೆ ಕದಡಿ. ಬಿಸಿ ಹಾಲಿಗೆ ಹಾಕಿದರೆ ಗಂಟಾಗುತ್ತದೆ. ದಾರದಂತಿರುವ ಅಗರ್ ಆದರೆ ಮೊದಲು ನೀರಿನಲ್ಲಿ ನೆನೆಸಿ.

2. ವೆನಿಲ್ಲಾ ಕೋಡನ್ನು ಸೀಳಿ, ಒಳಗಿನ ಕಪ್ಪು ಬೀಜ ಕೆರೆದು, ಸಿಪ್ಪೆ ಸಮೇತ ಹಾಲಿಗೆ ಹಾಕಿ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿ ಬರಿಸಿ, ಎರಡು ಮೂರು ನಿಮಿಷ ಕುದಿಸಿ. ಕುದಿಯದಿದ್ದರೆ ಅಗರ್ ಪೂರ್ತಿ ಕರಗುವುದಿಲ್ಲ. ಸಕ್ಕರೆ ಹಾಕಿ ಕರಗಿಸಿ.

3. ಇನ್ನೊಂದು ಪಾತ್ರೆಯಲ್ಲಿ ಕ್ರೀಮನ್ನು ಬೆಚ್ಚಗೆ ಮಾಡಿ, ಕುದಿಸಬೇಡಿ. ಫ್ರಿಜ್‌ನಿಂದ ತೆಗೆದ ತಣ್ಣನೆ ಕ್ರೀಮನ್ನು ನೇರವಾಗಿ ಸುರಿದರೆ ಅಗರ್ ಅಲ್ಲಲ್ಲೇ ಹೆಪ್ಪುಗಟ್ಟಿ ಗರಣೆಯಾಗುತ್ತದೆ. ಬೆಚ್ಚನೆ ಕ್ರೀಮನ್ನು ಹಾಲಿಗೆ ಬೆರೆಸಿ, ಉರಿ ಆರಿಸಿ, ಸೋಸಿ.

4. ಪರೀಕ್ಷೆ: ಒಂದು ಚಮಚ ಮಿಶ್ರಣವನ್ನು ತಣ್ಣನೆ ತಟ್ಟೆಗೆ ಹಾಕಿ ಎರಡು ನಿಮಿಷ ಕಾಯಿರಿ. ಮೆತ್ತಗೆ ನಿಲ್ಲಬೇಕು. ಹರಿದರೆ ಚಿಟಿಕೆ ಅಗರನ್ನು ಸ್ವಲ್ಪ ನೀರಿನಲ್ಲಿ ಕುದಿಸಿ ಸೇರಿಸಿ. ತೀರ ಗಟ್ಟಿಯಾದರೆ ಬೆಚ್ಚನೆ ಹಾಲು ಸೇರಿಸಿ. ಅಗರ್ ತಯಾರಕರಿಂದ ತಯಾರಕರಿಗೆ ಬಲ ಬೇರೆಯಿರುವುದರಿಂದ ಈ ಪರೀಕ್ಷೆ ಬಿಡಬೇಡಿ.

5. ಬಟ್ಟಲುಗಳಿಗೆ ಸುರಿದು, ಹೊರಗೇ ತಣಿಸಿ, ಆಮೇಲೆ ಮುಚ್ಚಿ ಮೂರು ಗಂಟೆ ಫ್ರಿಜ್‌ನಲ್ಲಿಡಿ.

6. ಸ್ಟ್ರಾಬೆರಿ ಹೆಚ್ಚಿ, ಸಕ್ಕರೆ ಬೆರೆಸಿ ಅರ್ಧ ಗಂಟೆ ಬಿಡಿ. ತಾನೇ ನೀರು ಬಿಡುತ್ತದೆ. ಸಣ್ಣ ಉರಿಯಲ್ಲಿ 7–8 ನಿಮಿಷ ಬೇಯಿಸಿ, ಕೊನೆಗೆ ನಿಂಬೆರಸ ಹಿಂಡಿ. ಪೂರ್ತಿ ತಣಿದ ಮೇಲಷ್ಟೇ ಪನ್ನಾ ಕೋಟಾದ ಮೇಲೆ ಸುರಿಯಿರಿ.

ಮಕ್ಕಳೇ, ಒಲೆಯ ಕೆಲಸಕ್ಕೆ ದೊಡ್ಡವರು ಜೊತೆಗಿರಲಿ.

ಹಾಲು ಬೇಡದವರಿಗೆ ಕ್ರೀಮ್, ಹಾಲು ಎರಡರ ಬದಲು ಸಾಂತಾನ್, ಅಂದರೆ ತೆಂಗಿನ ಹಾಲು, ಹಾಕಬಹುದು. ಅಗರನ್ನು ಸ್ವಲ್ಪ ನೀರಿನಲ್ಲಿ ಕುದಿಸಿಕೊಂಡು ಆಮೇಲೆ ಬೆಚ್ಚನೆ ತೆಂಗಿನ ಹಾಲು ಸೇರಿಸಿ; ಜೋರಾಗಿ ಕುದಿಸಿದರೆ ಒಡೆಯುತ್ತದೆ. ಮೇಲೆ ಸ್ಟ್ರಾಬೆರಿ ಬದಲು ಗುಲಾ ಮೆಲಾಕಾ ಪಾಕ. ಊರಿಗೆ ಹೊರಡುವ ಹಿಂದಿನ ದಿನ ಅಮ್ಮ ತಮ್ಮ ಜೋನಿ ಬೆಲ್ಲ ಹಾಕಿ ಮಾಡಿಸಿಕೊಂಡು ತಿಂದದ್ದು ಇದನ್ನೇ.

ನಮ್ಮ ಶಾಲೆಯಲ್ಲಿ ಎಷ್ಟು ಭಾಷೆ, ಎಷ್ಟು ಬಗೆಯ ಊಟ! ಪಕ್ಕದಲ್ಲಿ ಕೂರುವ ಗೆಳೆಯ, ಗೆಳತಿ ಏನು ತಿನ್ನುವುದಿಲ್ಲ ಎಂದು ನಿಮಗೆ ಗೊತ್ತೇ? ಮುಂದಿನ ಹುಟ್ಟುಹಬ್ಬಕ್ಕೆ ಕರೆಯುವ ಮೊದಲು ಒಮ್ಮೆ ಕೇಳಿ. ಯಾರಾದರೂ ‘ಹಸಿವಿಲ್ಲ’ ಎಂದರೆ ಇನ್ನೊಮ್ಮೆ ಕೇಳಿ. ಅಜ್ಜಿ ಊರಿನಿಂದ ಬಂದಿದ್ದರೆ ಅಡುಗೆಮನೆಗೆ ಕರೆದುಕೊಂಡು ಹೋಗಿ, ಒಂದು ಸೌಟು ಅವರ ಕೈಗೆ ಕೊಟ್ಟು, ಇನ್ನೊಂದನ್ನು ನೀವು ಹಿಡಿಯಿರಿ. ಭಾಷೆ ತಾನಾಗಿ ಬರುತ್ತದೆ.